ಊದುವುದು ಸುಲಭ, ಗಾಳಿ ತೆಗೆಯುವುದೇ ಕೆಲಸ

10 ಸೆಂಟಿಮೀಟರ್ ಘನದ ಕ್ಯೂಬ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹದ ಒಂದು ಮುಖಕ್ಕೆ ದೊಡ್ಡ ಸೌರಕೋಶ ಎರಡೇ ಹಿಡಿಯುತ್ತವೆ. ಬಿಸಿಲು ನೇರ ಬಿದ್ದರೂ ಸಿಗುವುದು ಎರಡು ವ್ಯಾಟ್ ಚಿಲ್ಲರೆ. ಕೋಶ ಕೂರಿಸಿದ ಕೀಲಿನ ರೆಕ್ಕೆ ಹಾಕಬಹುದು. ಯಾರು ಕೇಳಿದರೂ ನಾನು ಮೊದಲು ಹೇಳುವುದು ಅದನ್ನೇ, ಬಹಳ ಜನಕ್ಕೆ ಅಷ್ಟೇ ಸಾಕು. ನಮಗೆ ಸಾಲಲಿಲ್ಲ. ಹಾಗಾಗಿ ಕಕ್ಷೆಗೆ ಹೋದ ಮೇಲೆ ಅನಿಲ ತುಂಬಿ ಊದುವ ಚೌಕಟ್ಟಿಗೆ ಇಳಿದೆವು: ಎರಡು ತೆಳು ಕೊಳವೆ, ನಡುವೆ ಕ್ಯಾಪ್ಟಾನ್ ಎಂಬ ಬಿಸಿ ತಾಳುವ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಬಾಗುವ ಕೋಶಗಳು. ಕೊಳವೆಯ ಮುಚ್ಚಳಗಳನ್ನು ಪೀಣ್ಯದ ಲೇತ್ ಅಂಗಡಿಯಲ್ಲಿ ಕಡೆಸಿದೆವು.

ಉಡಾವಣೆಗೆಂದು ಮಡಿಚುವಾಗ ಕೊಳವೆಯೊಳಗೆ ಒಂದು ಸಿಸಿ ಗಾಳಿ ಉಳಿದರೂ, ಹೊರಗಿನ ಒತ್ತಡ ಒಂದು ಪಾಸ್ಕಲ್‌ಗೆ ಇಳಿದಾಗ ಅದು ನೂರು ಲೀಟರ್ ಆಗಲು ನೋಡುತ್ತದೆ. ನಿರ್ವಾತ ಚೇಂಬರಿನ ಕಿಟಕಿಯಲ್ಲಿ ಇಣುಕಿದರೆ, ಅನಿಲದ ವಾಲ್ವ್ ಇನ್ನೂ ಮುಚ್ಚಿರುವಾಗಲೇ ಕಟ್ಟು ತಾನಾಗಿ ಮೈಮುರಿದು ಏಳುತ್ತಿತ್ತು. 1996ರಲ್ಲಿ ಎಂಡೆವರ್ ನೌಕೆಯಿಂದ ನಾಸಾ ಬಿಚ್ಚಿದ 14 ಮೀಟರ್ ಆಂಟೆನಾ ಅಡ್ಡಾದಿಡ್ಡಿ ಅರಳಿದ್ದಕ್ಕೂ ಒಳಗುಳಿದ ಗಾಳಿ ಒಂದು ಕಾರಣ. ಕೊನೆಗೆ ಪಂಪ್ ಓಡುತ್ತಿರುವಂತೆಯೇ, ಮುಚ್ಚಿದ ತುದಿಯಿಂದ ವಾಲ್ವ್ ಕಡೆಗೆ, ಸೀರೆಯ ನೆರಿಗೆ ಹಿಡಿದಂತೆ ಮಡಿಚಿಕೊಂಡು ಬರುವುದೇ ಪದ್ಧತಿಯಾಯಿತು. ಮಡಿಕೆ ಕೋಶದ ಮೇಲೆ ಬೀಳಕೂಡದು. ಕೋಶಗಳ ನಡುವಿನ ತಾಮ್ರದ ಪಟ್ಟಿಗೆ ಸಡಿಲ ಬಿಟ್ಟಿರಬೇಕು.

ಅರಳಿದ ಮೇಲೆ ಅನಿಲವನ್ನು ನಂಬುವಂತಿಲ್ಲ, ಸೂಜಿಮೊನೆಯಷ್ಟು ತೂತಾದರೂ ಸೋರಿ ಹೋಗುತ್ತದೆ. ಅದಕ್ಕೇ ಕೊಳವೆಗೆ ಅಲ್ಯೂಮಿನಿಯಂ, ಪಾಲಿಯೆಸ್ಟರ್ ಪದರ ಅಂಟಿಸಿದ ಹಾಳೆ. ಒತ್ತಡ ಏರಿಸಿದರೆ ಲೋಹ ತನ್ನ ಮಿತಿ ದಾಟಿ ಹಿಗ್ಗುತ್ತದೆ, ಸುಕ್ಕು ಬಿಚ್ಚಿಕೊಳ್ಳುತ್ತದೆ. ಆಮೇಲೆ ಅನಿಲ ಹೊರಬಿಟ್ಟರೂ ಕೊಳವೆ ನಿಲ್ಲುತ್ತದೆ. 2017ರ ಜೂನ್‌ನಲ್ಲಿ ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ38ರಲ್ಲಿ ಹೋದ ಇನ್‌ಫ್ಲೇಟ್‌ಸೇಲ್ ಎಂಬ ಪುಟ್ಟ ಉಪಗ್ರಹದ ಒಂದು ಮೀಟರ್ ಕಂಬ ಇದೇ ಬಗೆಯದು. ಪೇಚಾಟ ಇರುವುದು ಇಲ್ಲಿ: ಕೊಳವೆಯ ಸುತ್ತ ಬೀಳುವ ಎಳೆತ ಉದ್ದಕ್ಕೆ ಬೀಳುವುದರ ಎರಡರಷ್ಟು, ನಮ್ಮ ಮಡಿಕೆಗಳೋ ಎಲ್ಲ ಅಡ್ಡಡ್ಡ. ಅವನ್ನು ಬಿಡಿಸಬೇಕಾದದ್ದು ಆ ಕಡಿಮೆ ಎಳೆತವೇ. ಸುತ್ತಿನ ಎಳೆತ ನೋಡಿ ಒತ್ತಡ ಲೆಕ್ಕ ಹಾಕಿದರೆ ಅಡ್ಡ ಸುಕ್ಕು ಹಾಗೇ ಉಳಿದು, ಕೊಳವೆ ಅಲ್ಲೇ ಬಾಗುತ್ತದೆ. ಅಗಲದ ಕೊಳವೆಗೆ ಬದಲಾಯಿಸಿದ ಮೇಲೆ ಕಡಿಮೆ ಒತ್ತಡಕ್ಕೇ ಕೆಲಸ ಆಯಿತು.



ಹಾಳೆ ದೊಡ್ಡದಾದಷ್ಟೂ ಕೆಳಕಕ್ಷೆಯ ತೆಳುಗಾಳಿ ಉಪಗ್ರಹವನ್ನು ತಡೆದು ಕೆಳಗಿಳಿಸುತ್ತದೆ. 10 ಚದರ ಮೀಟರ್ ಹಾಯಿ ಬಿಚ್ಚಿದ ಇನ್‌ಫ್ಲೇಟ್‌ಸೇಲ್ 72 ದಿನಕ್ಕೇ ಉರಿದುಹೋಯಿತು. ಅದರ ಉದ್ದೇಶವೇ ಅದು, ನಮ್ಮದಲ್ಲ. ಭೂಮಿಯ ನೆರಳಿಗೆ ಹೋದಾಗ ಹಾಳೆಯ ಅಂಚು ಮುಂದಾಗುವಂತೆ ಉಪಗ್ರಹವನ್ನು ತಿರುಗಿಸುವ ಸಾಲುಗಳನ್ನು ಈಗ ಸಾಫ್ಟ್‌ವೇರಿಗೆ ಸೇರಿಸುತ್ತಿದ್ದೇವೆ.