ಎಸ್ಟೇಟಿನ ಪಾರ್ಟಿಗೆ ಎರಡನೇ ಸಲ

ನಮ್ಮವರ ಕಾಲೇಜು ಗೆಳೆಯರೊಬ್ಬರದು ಕೊಪ್ಪದಿಂದ ಆಚೆ ಕಾಫಿ ಎಸ್ಟೇಟು. ಪ್ರತಿ ವರ್ಷ ಏಪ್ರಿಲ್ ಕೊನೆಯಲ್ಲಿ ಬಂಗಲೆ ಮುಂದಿನ ಹುಲ್ಲುಹಾಸಿನಲ್ಲಿ ದೊಡ್ಡ ಪಾರ್ಟಿ ಮಾಡ್ತಾರೆ. ಕೊಯ್ಲು ಮುಗಿದು, ಕಾಫಿ ಗಿಡ ಅರಳಿಸುವ ಹೂಮಳೆಯೂ ಆಗಿ, ಮುಂಗಾರು ಹಿಡಿಯೋದರೊಳಗೆ ಪ್ಲಾಂಟರುಗಳಿಗೆ ಸ್ವಲ್ಪ ಉಸಿರಾಡೋಕೆ ಸಿಗುವ ಕಾಲ ಅದು. ನಾವು ತೀರ್ಥಹಳ್ಳಿ ಕಡೆಯ ನಾಲ್ಕು ಎಕರೆ ಅಡಿಕೆಯವರು. ಹೋದ ವರ್ಷ ಮೊದಲ ಸಲ ಕರೆ ಬಂದಾಗ ಮದುವೆಗೆ ಹೊರಟ ಹಾಗೆ ರೇಷ್ಮೆ ಸೀರೆ ಉಟ್ಟು, ಹೈ ಹೀಲ್ಸ್ ಹಾಕ್ಕೊಂಡು ಹೋಗಿದ್ದೆ. ಹಿಂದಿನ ದಿನವಷ್ಟೇ ಮಳೆ ಬಿದ್ದಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಹೀಲ್ಸು ಗೂಟ ಹೊಡೆದ ಹಾಗೆ ನೆಲಕ್ಕಿಳಿಯಿತು. ಎರಡು ಸಲ ಬಗ್ಗಿ ಕಿತ್ತುಕೊಂಡೆ. ಆಮೇಲೆ ಸಿಕ್ಕಿದ ಕುರ್ಚಿ ಹಿಡಿದು ಕೂತವಳು ಏಳಲೇ ಇಲ್ಲ.

ಈ ಸಲದ ಕರೆಯೋಲೆ ವಾಟ್ಸಾಪಿನಲ್ಲಿ ಬಂತು. ಸಂಜೆ ನಾಲ್ಕೂವರೆಗೆ ಟೀ, ಆಮೇಲೆ ಊಟ, ಉಡುಪು ‘ಸಮ್ಮರ್ ಪೇಸ್ಟಲ್ಸ್’ ಅಂತ ಬರೆದಿತ್ತು. ಮಗಳಿಗೆ ಫೋನ್ ಮಾಡಿ “ಪೇಸ್ಟಲ್ ಅಂದ್ರೆ ಎಂತದೇ?” ಅಂದೆ. “ತೆಳು ಬಣ್ಣ ಅಮ್ಮ, ಮಾಸಿದ ಹಾಗಿರ್ತದಲ್ಲ, ಅದು.” ಅಂಥದ್ದು ನನ್ನ ಬೀರು ತುಂಬ ಇದೆ! ಹತ್ತು ವರ್ಷ ತೊಳೆದು ಮೆತ್ತಗಾದ ತಿಳಿಹಸಿರು ಕಾಟನ್ ಸೀರೆಯನ್ನು ಗಂಜಿ ಹಾಕಿ ಇಸ್ತ್ರಿ ಮಾಡಿಸಿ, ಹಿಮ್ಮಡಿಗಿಂತ ಒಂದಿಷ್ಟು ಮೇಲೆ ಬರುವಂತೆ ಉಟ್ಟೆ. ಕಾಲಿಗೆ ಚಪ್ಪಟೆ ಚಪ್ಪಲಿ. ಬಂಗಲೆ ಗುಡ್ಡದ ನೆತ್ತಿಯಲ್ಲಿರೋದು, ಬೇಸಿಗೆಯಾದರೂ ಹೊತ್ತು ಮುಳುಗಿದ ಮೇಲೆ ಗಾಳಿ ಚುಚ್ಚುತ್ತದೆ ಅಂತ ಶಾಲೂ ಇಟ್ಟುಕೊಂಡೆ.

ಕೈಯಲ್ಲಿ ಏನು ಒಯ್ಯೋದು? ಹೋದ ಸಲ ನಾನು ಒಯ್ದ ಸ್ವೀಟ್ ಡಬ್ಬಿ ಅಂಥದ್ದೇ ಇಪ್ಪತ್ತು ಡಬ್ಬಿಗಳ ನಡುವೆ ಸೇರಿಹೋಗಿತ್ತು. ಈ ಸಲ ನಾನೇ ಹಾಕಿದ ಜೀರಿಗೆ ವಾಸನೆಯ ಅಪ್ಪೆಮಿಡಿ ಉಪ್ಪಿನಕಾಯಿ, ಒಂದೇ ಒಂದು ಬಾಟ್ಲಿ. ಆ ಮನೆಯೊಡತಿ ಅಕ್ಕ ಅದನ್ನು ಡಬ್ಬಿಗಳ ರಾಶಿಗೆ ಸೇರಿಸದೆ ಸೀದಾ ಅಡುಗೆಮನೆಗೆ ತಗೊಂಡು ಹೋದರು.

ದಾರಿಯ ವಿಷಯದಲ್ಲಿ ಒಂದು ಮಾತು: ಮೊಬೈಲ್ ಮ್ಯಾಪ್ ನಂಬಬೇಡಿ. ಕೊನೆಯ ಎರಡು ಕಿಲೋಮೀಟರ್ ಸಿಗ್ನಲ್ಲೇ ಇಲ್ಲ, ಎರಡು ಗೇಟು ನೋಡೋಕೆ ಒಂದೇ ಥರ. ಬೆಳಕಿರುವಾಗಲೇ ತಲುಪಿದೆವು. ಇವರು ಕಾರನ್ನು ಮೊದಲೇ ತಿರುಗಿಸಿ, ಮುಖ ಹೊರಗೆ ಮಾಡಿ ನಿಲ್ಲಿಸಿದರು. ಮಳೆ ಬಂದರೆ ಆ ಕೆಮ್ಮಣ್ಣಿನ ಏರಿನಲ್ಲಿ ರಿವರ್ಸ್ ತೆಗೆಯೋದು ನಮ್ಮ ಆಲ್ಟೋಗೆ ಆಗೋ ಕೆಲಸ ಅಲ್ಲ.

ಇನ್ನೊಂದು ತಯಾರಿ ಯಾರಿಗೂ ಕಾಣದ್ದು. ಸಿಲ್ವರ್ ಓಕ್ ಮರಗಳ ಕೆಳಗೆ, ತರಗೆಲೆಯ ಮೇಲೆ ಜಮಖಾನ ಹಾಸಿ ದಿಂಬು ಇಟ್ಟಿರುತ್ತಾರೆ. ಫೋಟೋಗೆ ಚೆಂದ. ಆದರೆ ಅದು ಉಣುಗಿನ, ಅಂದರೆ ರಕ್ತ ಹೀರುವ ಉಣ್ಣೆಯ ಕಾಲ. 1957ರಲ್ಲಿ ನಮ್ಮ ಜಿಲ್ಲೆಯದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡೋದು ಈ ಉಣುಗಿನಿಂದಲೇ, ಅದರ ಹಾವಳಿ ಬೇಸಿಗೆ ಮುಗಿಯುವವರೆಗೂ ಇರ್ತದೆ. ಆರೋಗ್ಯ ಇಲಾಖೆಯವರು ಉಣುಗು ಹತ್ತದಿರಲಿ ಅಂತ ಊರಲ್ಲಿ ಹಂಚಿದ ಡೇಪಾ ಎಣ್ಣೆಯನ್ನು ಕಾಲಿಗೆ, ಕೈಗೆ ಹಚ್ಚಿಕೊಂಡೇ ಹೊರಟಿದ್ದೆ. ಎಲ್ಲರ ಸೆಂಟಿನ ಪರಿಮಳದ ನಡುವೆ ನನ್ನದೊಂದು ಬೇರೆ ವಾಸನೆ. ಇರಲಿ. ಆದರೂ ಕೂತಿದ್ದು ಕುರ್ಚಿಯ ಮೇಲೇ.

ನನಗೆ ನಿಜವಾಗಿ ಹೆದರಿಕೆ ಇದ್ದಿದ್ದು ಮಾತಿನದು. ಹೋದ ವರ್ಷ ಹಿರಿಯ ಪ್ಲಾಂಟರೊಬ್ಬರು “ನಮ್ಮಲ್ಲಿ ಬರೀ ಎಪ್ಪತ್ತು ಸೆಂಟ್ಸಮ್ಮ” ಅಂದಾಗ, ಘಟ್ಟದ ಕೆಳಗಿನವರ ಜಾಗದ ಲೆಕ್ಕ ಅಂದುಕೊಂಡು “ಅಷ್ಟರಲ್ಲಿ ಬಂಗಲೆ ಹೆಂಗೆ ಕಟ್ಟಿದ್ರಿ?” ಅಂದುಬಿಟ್ಟಿದ್ದೆ. ಅವರು ಹೇಳಿದ್ದು ಮಳೆ. ನೂರು ಸೆಂಟ್ಸ್ ಅಂದರೆ ಒಂದು ಇಂಚು, ಅಂದಾಜು 25 ಮಿಲಿಮೀಟರ್. ದಿನಾ ಬೆಳಗ್ಗೆ ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡ್ತಾರೆ. ಹೂಮಳೆ ಒಂದು ಇಂಚಾದರೂ ಬಿದ್ದರೆ ಎಂಟ್ಹತ್ತು ದಿನಕ್ಕೆ ಗಿಡ ಬೆಳ್ಳಗೆ ಅರಳುತ್ತದೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ಅವರು ಬ್ಯಾಕಿಂಗ್ ಅನ್ನೋದು, ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚೋದಿಲ್ಲ. ಹಾಗಾಗಿ ಅಲ್ಲಿ ‘ನಿಮ್ಮಲ್ಲಿ ಮಳೆ ಎಷ್ಟಾಯ್ತು?’ ಅನ್ನೋದು ನಮ್ಮ ‘ಊಟ ಆಯ್ತಾ?’ ಇದ್ದ ಹಾಗೆ. ಈ ಸಲ ನಾನೇ ಮೊದಲು ಆ ಹಿರಿಯರ ಹತ್ತಿರ ಹೋಗಿ “ಬ್ಯಾಕಿಂಗ್ ಆಯ್ತಾ ಗೌಡ್ರೆ?” ಅಂದೆ. ಅವರು ಕುರ್ಚಿ ಎಳೆದು ಕೂತವರು, ಅರ್ಧ ಗಂಟೆ ಅಲ್ಲಾಡಲಿಲ್ಲ. ಕಾಫಿ ನಡುವೆ ಅವರೂ ಅಡಿಕೆ ಹಾಕಿದ್ದಾರಂತೆ. ಎಲೆಚುಕ್ಕಿ ರೋಗದ ಬಗ್ಗೆ ಅವರು ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ಹೇಳೋಕೆ ಬೇಕಾದಷ್ಟಿತ್ತು.

ಊಟ ಜೋರು. ಕಡುಬು, ನಾಟಿಕೋಳಿ ಸಾರು ಇತ್ತು, ಆದರೆ ಕಡುಬು ತಣ್ಣಗಾಗಿತ್ತು. ಎದುರಿಗೇ ಮಾಡಿಕೊಡುತ್ತಿದ್ದ ಪಾಸ್ತಾ ಬಿಸಿಬಿಸಿ. ನಾನು ಎರಡು ಸಲ ಹಾಕಿಸಿಕೊಂಡೆ.

ಅಷ್ಟರಲ್ಲಿ ಕತ್ತಲಾಯ್ತು. ಬೆಂಗಳೂರಿನಿಂದ ಬಂದ ಡೆಕೋರೇಷನ್ ಹುಡುಗರು ಊಟದ ಮೇಜುಗಳ ಮೇಲೇ ಸೀರಿಯಲ್ ಲೈಟಿನ ಚಪ್ಪರ ಹಾಕಿದ್ದರು. ಹಿಂದಿನ ರಾತ್ರಿ ಮಳೆ ಬಿದ್ದ ನೆಲ. ಹತ್ತೇ ನಿಮಿಷದಲ್ಲಿ ಮಳೆಹುಳು ಎದ್ದವು, ರೆಕ್ಕೆ ಬಂದ ಗೆದ್ದಲು, ಸಾವಿರಗಟ್ಟಲೆ. ಗ್ಲಾಸಿನಲ್ಲಿ, ಪಾಯಸದಲ್ಲಿ, ಹೆಂಗಸರ ಕೂದಲಲ್ಲಿ. ಆ ಹುಡುಗರು ಸ್ಪ್ರೇ ಹುಡುಕುತ್ತಿದ್ದರು, ಊಟದ ಮೇಲೆ ಹೊಡೆಯೋಕೆ! ನಾನು ಅಕ್ಕನ ಕೈ ಹಿಡಿದು, “ಇಲ್ಲಿಂದೆಲ್ಲ ಆರಿಸಿಬಿಡಿ, ಆ ಮೂಲೆಯಲ್ಲಿ ಒಂದೇ ಬಲ್ಬು ಉರಿಸಿ ಕೆಳಗೆ ಬೋಗುಣಿಯಲ್ಲಿ ನೀರಿಡಿ” ಅಂದೆ. ನಮ್ಮ ಜಗಲಿಯಲ್ಲಿ ಪ್ರತಿ ವರ್ಷ ಮಾಡೋದೇ. ಹುಳವೆಲ್ಲ ಮೂಲೆಗೆ ಸರಿಯಿತು. ಮೇಜಿನ ಮೇಲೆ ಬರೀ ಮೋಂಬತ್ತಿ, ಅದೇ ಚೆಂದ ಕಾಣಿಸಿತು ಅಂತ ಆಮೇಲೆ ನಾಲ್ಕು ಜನ ಹೇಳಿದರು.

ದೂರದಲ್ಲಿ ಗುಡುಗು ಕೇಳಿಸಿದಾಗ ಒಂಬತ್ತೂವರೆ. ಹೇಳಿ ಹೊರಟೆವು. ಮನೆ ಮುಟ್ಟುವಾಗ ಮಳೆ ಹೊಯ್ಯುತ್ತಿತ್ತು. ಬೆಳಗ್ಗೆ ಎಂಟೂಕಾಲಿಗೆ ಅಕ್ಕನ ಫೋನ್: “ನಿಮ್ಮಲ್ಲಿ ಎಷ್ಟಾಯ್ತು?”

ಅಂಗಳದಲ್ಲಿದ್ದ ಬಕೆಟ್ ನೋಡಿ ಬಂದು, “ಎರಡು ಬೆರಳು” ಅಂದೆ.

“ಒಂದೂವರೆ ಇಂಚು ಅಂತ ಬರ್ಕೊಳ್ತೀನಿ ಹಾಗಾದ್ರೆ” ಅಂದರು.