ದೊಡ್ಡ ಫ್ಯಾಂಟಸಿ ಸರಣಿಯನ್ನು ಎಲ್ಲಿಂದ ಹಿಡಿಯಬೇಕು, ಹೇಗೆ ಓದಬೇಕು

ನಾನು ಓದಲು ತೆಗೆದುಕೊಂಡ ಮೊದಲ ಫ್ಯಾಂಟಸಿ ಸರಣಿಯನ್ನು ನಡುವಿನ ಸಂಪುಟದಿಂದ ಆರಂಭಿಸಿದ್ದೆ. ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಟೋಲ್ಕಿನ್ ಅವರ ‘ದ ಟೂ ಟವರ್ಸ್’ ಕಣ್ಣಿಗೆ ಬಿತ್ತು. ಮುಖಪುಟ ಚೆನ್ನಾಗಿತ್ತು, ಬೆಲೆ ಕಡಿಮೆಯಿತ್ತು, ಅದು ಎರಡನೆಯ ಭಾಗವೆಂಬುದನ್ನು ಗಮನಿಸುವಷ್ಟು ತಾಳ್ಮೆ ನನಗಿರಲಿಲ್ಲ. ಮೊದಲ ಪುಟದಲ್ಲಿಯೇ ಒಬ್ಬಾತ ಹೆಜ್ಜೆಗುರುತುಗಳನ್ನು ಅರಸುತ್ತ ಗುಡ್ಡ ಹತ್ತುತ್ತಾನೆ, ಕೊಂಬಿನ ದನಿ ಕೇಳಿ ಕೆಳಕ್ಕೆ ಓಡುತ್ತಾನೆ, ಅಲ್ಲಿ ಮೈಗೆಲ್ಲ ಬಾಣ ನೆಟ್ಟ ಇನ್ನೊಬ್ಬ ಮರಕ್ಕೆ ಒರಗಿ ಕೊನೆಯುಸಿರೆಳೆಯುತ್ತಿರುತ್ತಾನೆ. ಸಾಯುತ್ತಿರುವವನು ಯಾರು, ಅವನಿಗಾಗಿ ನಾನು ಮರುಗಬೇಕೋ ಬೇಡವೋ, ಒಂದೂ ತಿಳಿಯಲಿಲ್ಲ. ಮೂವತ್ತು ಪುಟ ಓದಿ ಮುಚ್ಚಿಟ್ಟವನು ಎರಡು ವರ್ಷ ಅದರ ಗೋಜಿಗೇ ಹೋಗಲಿಲ್ಲ. ಬಾಗಿಲು ಬಿಟ್ಟು ಕಿಟಕಿಯಿಂದ ಇಳಿದವನಿಗೆ ಯಾವ ಕೋಣೆ ಎಲ್ಲಿದೆಯೆಂದು ತಿಳಿಯದಿದ್ದರೆ ಮನೆಯನ್ನು ದೂರಿ ಫಲವಿಲ್ಲ. ಹೆಸರಾಂತ ಸರಣಿಗಳಿಗೆ ಬಾಗಿಲು ಯಾವುದು, ಒಳಹೊಕ್ಕ ಮೇಲೆ ಹೇಗೆ ಓದಿದರೆ ದಣಿವಾಗದು, ಓದುಗರು ಅವುಗಳನ್ನು ಮತ್ತೆ ಮತ್ತೆ ಹಚ್ಚಿಕೊಳ್ಳುವುದು ಏಕೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಸರಣಿಯ ಕೀರ್ತಿಗಿಂತ ಮೊದಲು ನಿಮ್ಮ ಓದಿನ ಸ್ವಭಾವವನ್ನು ನೋಡಿಕೊಳ್ಳಿ. ಸಾವಿರಾರು ಪುಟಗಳ ಹಾದಿಯಲ್ಲಿ ನಿಧಾನವಾಗಿ ನಡೆಯುವುದೇ ನಿಮಗೆ ಸುಖವಾದರೆ ಟೋಲ್ಕಿನ್ ಸರಿ. ರಾಜಕಾರಣ, ವಂಶಗಳ ವೈರ, ಯಾರು ಯಾವಾಗ ಯಾರ ಬೆನ್ನಿಗೆ ಇರಿಯುತ್ತಾರೆಂಬ ಆತಂಕ ಬೇಕಾದವರಿಗೆ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಸರಣಿಯ ಜಾರ್ಜ್ ಆರ್. ಆರ್. ಮಾರ್ಟಿನ್ ಇದ್ದಾರೆ. ನಗುತ್ತ ಓದಬೇಕೆಂದರೆ ಟೆರಿ ಪ್ರಾಟ್ಚೆಟ್. ಆದರೆ ಇಂಗ್ಲಿಷಿನಲ್ಲಿ ಇಂಥದನ್ನು ಇದೇ ಮೊದಲು ಓದುವವರು ಯಾರಾದರೂ ಕೇಳಿದರೆ ನಾನು ಎರಡನೆಯ ಯೋಚನೆಯಿಲ್ಲದೆ ಹೇಳುವ ಹೆಸರು ಅರ್ಸುಲಾ ಲೆ ಗ್ವಿನ್ ಅವರದು. ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ 1968ರಲ್ಲಿ ಬಂದ ಪುಸ್ತಕ. ಸುಮಾರು ಇನ್ನೂರು ಪುಟ, ವಾಕ್ಯಗಳು ತಿಳಿಯಾದವು, ಕಥೆ ಒಬ್ಬನೇ ಹುಡುಗನ ಹಿಂದೆ ನೇರವಾಗಿ ಸಾಗುತ್ತದೆ.

ಅದರ ಮೊದಲ ಅಧ್ಯಾಯದ ಒಂದು ಪ್ರಸಂಗವನ್ನು ಹೇಳಿದರೆ ಈ ಪ್ರಕಾರದ ಸೆಳೆತ ಎಲ್ಲಿದೆಯೆಂಬುದು ಅರ್ಧ ಹೇಳಿದಂತೆ. ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ತಾಯಿಯಿಲ್ಲದ ಹುಡುಗನೊಬ್ಬನಿದ್ದಾನೆ. ಗುಡಿಸಿಲಿನ ಮಾಡು ಹತ್ತಿ ಕುಳಿತ ಆಡನ್ನು ಅವನ ತಾಯಿಯ ಸೋದರಿ ಏನೋ ಮಾತು ಹೇಳಿ ಕೆಳಗಿಳಿಸುವುದನ್ನು ಅವನು ನೋಡುತ್ತಾನೆ. ಮರುದಿನ ಆಡು ಮೇಯಿಸುವಾಗ ಅರ್ಥ ತಿಳಿಯದೆಯೇ ಅದೇ ಮಾತನ್ನು ಕೂಗುತ್ತಾನೆ. ಆಡುಗಳೆಲ್ಲ ಸದ್ದಿಲ್ಲದೆ ಓಡಿಬಂದು ಹಳದಿ ಕಣ್ಣುಗಳಿಂದ ಅವನನ್ನೇ ದಿಟ್ಟಿಸುತ್ತ ನಿಲ್ಲುತ್ತವೆ. ಹುಡುಗ ನಕ್ಕು ಇನ್ನೊಮ್ಮೆ ಕೂಗುತ್ತಾನೆ. ಅವು ಮೈಗೆ ಮೈ ಒತ್ತಿಕೊಂಡು ಇನ್ನೂ ಹತ್ತಿರ ಬರುತ್ತವೆ. ಈಗ ಅವನಿಗೆ ಅವುಗಳ ಕೊಂಬು, ವಾಸನೆ, ಆ ವಿಚಿತ್ರ ಮೌನ ಭಯ ಹುಟ್ಟಿಸುತ್ತವೆ. ಓಡಿದರೆ ಅವೂ ಓಡುತ್ತವೆ, ಹಗ್ಗದಿಂದ ಬಿಗಿದಂತೆ ಅವನನ್ನು ಸುತ್ತುವರಿದೇ ಊರೊಳಗೆ ನುಗ್ಗುತ್ತವೆ. ಊರವರಲ್ಲಿ ಕೆಲವರು ನಗುತ್ತಾರೆ, ಕೆಲವರು ಬೈಯುತ್ತಾರೆ. ತಾಯಿಯ ಸೋದರಿ ಮಾತ್ರ ನಗುವುದಿಲ್ಲ. ಮಂತ್ರ ಹೇಳುವುದು ಸುಲಭ, ಹೇಳಿದ್ದನ್ನು ಬಿಡಿಸಿಕೊಳ್ಳುವುದು ಕಷ್ಟ ಎಂಬ ಇಡೀ ಸರಣಿಯ ನಿಯಮವನ್ನು ಲೆ ಗ್ವಿನ್ ಒಂದು ಹಿಂಡು ಆಡುಗಳಿಂದ ತಿಳಿಸಿಬಿಡುತ್ತಾರೆ, ಅದೂ ಉಪದೇಶದ ಒಂದು ಸಾಲೂ ಇಲ್ಲದೆ.

ಈ ಪ್ರಪಂಚದಲ್ಲಿ ಪ್ರತಿಯೊಂದಕ್ಕೂ ಕರೆಯುವ ಹೆಸರು ಒಂದು, ನಿಜವಾದ ಹೆಸರು ಇನ್ನೊಂದು. ನಿಜವಾದ ಹೆಸರು ತಿಳಿದವನಿಗೆ ಅದರ ಮೇಲೆ ಹಿಡಿತ ಸಿಗುತ್ತದೆ, ಆದ್ದರಿಂದ ಜನ ಅದನ್ನು ತೀರ ಆಪ್ತರಿಗಲ್ಲದೆ ಹೇಳುವುದಿಲ್ಲ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಉಸುರುವುದನ್ನು ಕಂಡವರಿಗೆ, ಗಂಡನ ಹೆಸರು ಹೇಳದ ಅಜ್ಜಿಯರ ಜೊತೆ ಬೆಳೆದವರಿಗೆ ಈ ಕಲ್ಪನೆ ಪರಕೀಯವೆನಿಸದು. ಇನ್ನೊಂದು ಸಂಗತಿಯನ್ನೂ ಗಮನಿಸಿ: ಕಥಾನಾಯಕ ಗೆಡ್‌ನ ಮೈಬಣ್ಣ ಕೆಂಗಂದು, ಅವನ ಗೆಳೆಯನದು ಇನ್ನೂ ಕಪ್ಪು, ದ್ವೀಪಗಳ ಬಹುಪಾಲು ಜನರೂ ಕಂದು ಇಲ್ಲವೇ ಕಪ್ಪು ಬಣ್ಣದವರು. ಅದನ್ನು ಲೇಖಕಿ ಅಬ್ಬರವಿಲ್ಲದೆ, ಹೋಗುತ್ತ ಹೋಗುತ್ತ ಹೇಳುವುದರಿಂದ ಅವಸರದಲ್ಲಿ ಓದುವವರ ಗಮನಕ್ಕೆ ಅದು ಬರುವುದೇ ಇಲ್ಲ.

ಇನ್ನು ಓದುವ ಕ್ರಮ. ಬಹುತೇಕ ಸರಣಿಗಳಿಗೆ ಎರಡು ಕ್ರಮಗಳಿರುತ್ತವೆ: ಪುಸ್ತಕಗಳು ಪ್ರಕಟವಾದ ಕ್ರಮ ಒಂದು, ಕಥೆಯೊಳಗಿನ ಘಟನೆಗಳು ನಡೆದ ಕ್ರಮ ಇನ್ನೊಂದು. ಗೊಂದಲವಾದಾಗ ಪ್ರಕಟಣೆಯ ಕ್ರಮವನ್ನೇ ಹಿಡಿಯಿರಿ. ಇದಕ್ಕೆ ನಾರ್ನಿಯಾಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಸಿ. ಎಸ್. ಲೂಯಿಸ್ ಅವರ ಏಳು ಪುಸ್ತಕಗಳು 1950ರಿಂದ 1956ರ ನಡುವೆ ಬಂದವು. ಮೊದಲನೆಯದರಲ್ಲಿ ಲೂಸಿ ಎಂಬ ಬಾಲಕಿ ಬೀರುವಿನೊಳಗೆ ಹೊಕ್ಕು, ತೂಗುಹಾಕಿದ ಕೋಟುಗಳನ್ನು ಸರಿಸುತ್ತ ಸರಿಸುತ್ತ ಹಿಮದ ಕಾಡಿಗೆ ಕಾಲಿಡುತ್ತಾಳೆ. ಅಲ್ಲಿ ಕಾಡಿನ ನಟ್ಟನಡುವೆ ಒಂದು ಬೀದಿದೀಪ ಉರಿಯುತ್ತಿದೆ. ಕಾಡಿನಲ್ಲಿ ಬೀದಿದೀಪವೇಕೆ? ಉತ್ತರ ಸಿಗುವುದು 1955ರಲ್ಲಿ ಬಂದ ಆರನೆಯ ಪುಸ್ತಕ ‘ದ ಮೆಜಿಶಿಯನ್ಸ್ ನೆಫ್ಯೂ’ವಿನಲ್ಲಿ. ಅದರ ಕಥೆ ಹಿಂದಿನ ಕಾಲದ್ದೆಂಬ ಕಾರಣಕ್ಕೆ ಇಂದಿನ ಅನೇಕ ಮುದ್ರಣಗಳು ಅದಕ್ಕೇ ಒಂದನೆಯ ಸಂಖ್ಯೆ ಕೊಟ್ಟಿವೆ. ಲೂಯಿಸ್ ಅವರೇ ಒಬ್ಬ ಬಾಲಕನಿಗೆ ಬರೆದ ಪತ್ರದಲ್ಲಿ ಕಥೆಯ ಕಾಲಾನುಕ್ರಮದ ಕಡೆಗೇ ಒಲವು ತೋರಿದ್ದರೆಂಬುದು ನಿಜ. ಅವರ ಮೇಲಿನ ಗೌರವವನ್ನು ಇಟ್ಟುಕೊಂಡೇ ನಾನು ಒಪ್ಪುವುದಿಲ್ಲ: ಒಗಟಿಗೆ ಮುಂಚೆ ಉತ್ತರ ಹೇಳಿಬಿಟ್ಟರೆ ಒಗಟು ಕೇಳುವ ಸುಖವೆಲ್ಲಿ ಉಳಿಯಿತು?

ಟೋಲ್ಕಿನ್ ಅವರನ್ನು ಓದುವವರು 1937ರ ‘ದ ಹಾಬಿಟ್’ನಿಂದ ಆರಂಭಿಸಿ, ಆಮೇಲೆ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದ ಲಾರ್ಡ್ ಆಫ್ ದ ರಿಂಗ್ಸ್’ಗೆ ಹೋಗಬೇಕು. ಈ ಮೂರನ್ನು ಮೂರು ಕಾದಂಬರಿಗಳೆಂದು ಎಣಿಸಬೇಡಿ. ಟೋಲ್ಕಿನ್ ಅದನ್ನು ಒಂದೇ ಕೃತಿಯೆಂದು ಬರೆದರು. ಯುದ್ಧಾನಂತರದ ಕಾಗದದ ದುಬಾರಿಯಿಂದ ಪ್ರಕಾಶಕರು ಅದನ್ನು ಮೂರಾಗಿ ಒಡೆದರು. ನಡುವಿನಿಂದ ಹಿಡಿದ ನನ್ನ ಗತಿ ಹಾಗಾದದ್ದು ಸಹಜವೇ.

‘ದ ಹಾಬಿಟ್’ನ ಐದನೆಯ ಅಧ್ಯಾಯದಲ್ಲಿ ಕತ್ತಲೆಯ ಗುಹೆಯೊಳಗೆ ಕಥಾನಾಯಕ ಬಿಲ್ಬೋ ಮತ್ತು ಅಲ್ಲಿಯೇ ವಾಸವಾಗಿರುವ ಗಾಲಮ್ ಒಗಟಿನ ಪಂದ್ಯ ಕಟ್ಟುತ್ತಾರೆ. ಮೊದಲ ಮುದ್ರಣದಲ್ಲಿ ಗಾಲಮ್ ತನ್ನ ಉಂಗುರವನ್ನೇ ಪಣವಾಗಿ ಒಡ್ಡಿದ್ದ. ಸೋತ ಮೇಲೆ ಉಂಗುರ ಸಿಗದೆ ಕ್ಷಮೆ ಕೇಳಿ, ಬದಲಿಗೆ ಹೊರಗಿನ ದಾರಿ ತೋರಿಸಿದ್ದ. ಮುಂದಿನ ಕೃತಿಯನ್ನು ಬರೆಯುತ್ತ ಹೋದಂತೆ ಆ ಉಂಗುರ ಹೊತ್ತವನ ಮನಸ್ಸನ್ನೇ ತಿನ್ನುವ ವಸ್ತುವಾಗಿ ಬೆಳೆಯಿತು. ಅಂಥದನ್ನು ಯಾರೂ ಖುಷಿಯಿಂದ ಪಣಕ್ಕಿಡಲಾರರು. ಆದ್ದರಿಂದ 1951ರ ಮುದ್ರಣದಲ್ಲಿ ಆ ಅಧ್ಯಾಯವೇ ಬದಲಾಯಿತು. ಇಷ್ಟಕ್ಕೇ ಬಿಟ್ಟಿದ್ದರೆ ಅದೊಂದು ತಿದ್ದುಪಡಿ ಮಾತ್ರ ಆಗುತ್ತಿತ್ತು. ಟೋಲ್ಕಿನ್ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಪೀಠಿಕೆಯಲ್ಲಿ ಹಳೆಯ ಪಾಠಕ್ಕೂ ಒಂದು ಜಾಗ ಕೊಟ್ಟರು: ಬಿಲ್ಬೋ ತನ್ನ ಗೆಳೆಯರಿಗೆ ಮೊದಲು ಹೇಳಿದ ಸುಳ್ಳು ಕಥೆ ಅದು, ಸುಳ್ಳು ಹೇಳಿಸಿದ್ದು ಉಂಗುರ. ಪಾಠಾಂತರಗಳ ಜಗಳವನ್ನು ಬಲ್ಲ ನಮ್ಮ ಹಳಗನ್ನಡ ಮೇಷ್ಟ್ರುಗಳು ಇದನ್ನು ಓದಿದ್ದರೆ ಮೆಚ್ಚಿ ತಲೆದೂಗುತ್ತಿದ್ದರು. ತಾವು ಬರುವ ಮೊದಲೇ ಈ ಲೋಕ ಇತ್ತು, ಅದಕ್ಕೆ ಹಳೆಯ ಕಡತಗಳೂ ಹಳೆಯ ಸುಳ್ಳುಗಳೂ ಇವೆ ಎಂಬ ಭಾವನೆ ಓದುಗರಲ್ಲಿ ಹುಟ್ಟುವುದು ಇಂಥ ಕಡೆ. ಟೋಲ್ಕಿನ್ ವೃತ್ತಿಯಿಂದ ಭಾಷಾವಿದ್ವಾಂಸರು. ಮೊದಲು ಭಾಷೆಗಳನ್ನು ಕಟ್ಟಿ, ಅವನ್ನಾಡುವ ಜನರನ್ನು ಆಮೇಲೆ ಕಲ್ಪಿಸಿದರು. ಪಾತ್ರಗಳು ಪಾಳುಬಿದ್ದ ಗೋಪುರವೊಂದರ ಹೆಸರನ್ನು ಸುಮ್ಮನೆ ಹೇಳಿ ಮುಂದೆ ಸಾಗಿದರೂ ಆ ಹೆಸರಿಗೆ ಬೇರಿದೆಯೆಂದು ನಮಗೆ ಅನ್ನಿಸುವುದು ಅದಕ್ಕಾಗಿ.

ಪ್ರಕಟಣೆಯ ಕ್ರಮ ಹಿಡಿಯಿರೆಂಬ ಮಾತಿಗೆ ದೊಡ್ಡ ಅಪವಾದ ಪ್ರಾಟ್ಚೆಟ್ ಅವರ ಡಿಸ್ಕ್‌ವರ್ಲ್ಡ್. 1983ರಿಂದ 2015ರವರೆಗೆ ಬಂದ 41 ಕಾದಂಬರಿಗಳಲ್ಲಿ ಮೊದಲೆರಡು ಇನ್ನೂ ಕೈ ಪಳಗದ ಕಾಲದವು. ಅಲ್ಲಿಂದ ಆರಂಭಿಸಿದವರು ಅಲ್ಲಿಯೇ ಬಿಟ್ಟುಬಿಡುವ ಅಪಾಯವಿದೆ. ಸಾವು ಎಂಬ ಪಾತ್ರ ಒಬ್ಬ ಹಳ್ಳಿ ಹುಡುಗನನ್ನು ಕೆಲಸ ಕಲಿಯಲು ಇಟ್ಟುಕೊಳ್ಳುವ ‘ಮಾರ್ಟ್’ (1987) ಅಥವಾ ಸೊರಗಿದ ಪೊಲೀಸ್ ಠಾಣೆಯೊಂದರ ಕಥೆಯಾದ ‘ಗಾರ್ಡ್ಸ್! ಗಾರ್ಡ್ಸ್!’ (1989) ಒಳ್ಳೆಯ ಬಾಗಿಲುಗಳು. ಆಮೆಯ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಚಪ್ಪಟೆ ಭೂಮಿ ಇರುವ ಈ ಲೋಕದ ಚಿತ್ರ ಕೂರ್ಮ ಮತ್ತು ದಿಗ್ಗಜಗಳ ಕಥೆ ಕೇಳಿದವರಿಗೆ ಹೊಸದಲ್ಲ. ನಮ್ಮಲ್ಲಿ ಆನೆಗಳು ಎಂಟು, ಅವರು ನಾಲ್ಕಕ್ಕೆ ಇಳಿಸಿದ್ದಾರೆ, ಅಷ್ಟೆ. ಸಾವು ಮಾತಾಡುವುದೆಲ್ಲ ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ, ಉದ್ಧರಣ ಚಿಹ್ನೆಯಿಲ್ಲದೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡ ಲಿಪಿಗೆ ಇದನ್ನು ತರುವುದು ಹೇಗೆಂದು ನಾನು ಹಲವು ಸಲ ಯೋಚಿಸಿದ್ದೇನೆ; ಹಳಗನ್ನಡದಲ್ಲಿ ಮಾತಾಡಿಸಬಹುದೇನೋ.

ಓದಲು ಕುಳಿತ ಮೇಲೆ ಎದುರಾಗುವ ಮೊದಲ ತೊಡಕು ಹೆಸರುಗಳದು. ಪಕ್ಕದಲ್ಲೊಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಹೆಸರು, ಊರು, ಯಾರ ಕಡೆಯವರು ಎಂದು ಒಂದೊಂದು ಸಾಲು ಬರೆದುಕೊಳ್ಳಿ. ಇದು ಮೊದಲ ನೂರು ಪುಟಗಳಿಗೆ ಸಾಕು, ಆಮೇಲೆ ತಾನಾಗಿ ನೆನಪುಳಿಯುತ್ತದೆ. ಮಾರ್ಟಿನ್ ಬಹುತೇಕ ಅಧ್ಯಾಯಗಳಿಗೆ ಯಾರ ಕಣ್ಣಿನಿಂದ ಕಥೆ ಕಾಣುತ್ತದೆಯೋ ಅವರ ಹೆಸರನ್ನೇ ಶೀರ್ಷಿಕೆಯಾಗಿ ಇಟ್ಟಿರುವುದರಿಂದ ಮತ್ತು ಪುಸ್ತಕದ ಕೊನೆಗೆ ವಂಶಗಳ ಪಟ್ಟಿ ಇರುವುದರಿಂದ ಅಲ್ಲಿ ಕೆಲಸ ಹಗುರ. ಆದರೆ ಆ ಪಟ್ಟಿಯನ್ನು ಮುಂಚಿತವಾಗಿ ಓದಲು ಹೋಗಬೇಡಿ. ನಕಾಶೆಯನ್ನು ಮಾತ್ರ ಧಾರಾಳವಾಗಿ ನೋಡಿ. ಕಾಗದದ ಪುಸ್ತಕವಾದರೆ ಆ ಪುಟಕ್ಕೊಂದು ಚೀಟಿ ಸಿಕ್ಕಿಸಿ. ಮೊಬೈಲಿನಲ್ಲಿ ಓದುವುದಾದರೆ ನಕಾಶೆಯ ಚಿತ್ರವನ್ನು ಬೇರೆಯಾಗಿ ತೆಗೆದಿಟ್ಟುಕೊಳ್ಳಿ, ಏಕೆಂದರೆ ಓದುತ್ತಿರುವ ಪುಟ ಬಿಟ್ಟು ಹಿಂದೆ ಹೋಗಿ ಬರುವಷ್ಟರಲ್ಲಿ ಕಥೆಯ ಎಳೆ ತಪ್ಪುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೊಂದು ಮಾತು. ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ. ಈ ಪುಸ್ತಕಗಳಲ್ಲಿ ತಿಳಿಯದ ಪದಗಳು ಎರಡು ಬಗೆಯವು: ಕೆಲವು ಹಳೆಯ ಇಂಗ್ಲಿಷಿನವು, ಕೆಲವು ಲೇಖಕರೇ ಹುಟ್ಟಿಸಿದವು. ಎರಡನೆಯ ಬಗೆಯವು ಇಂಗ್ಲಿಷ್ ಮನೆಮಾತಿನ ಓದುಗರಿಗೂ ಮೊದಲ ಸಲ ಅಷ್ಟೇ ಅಪರಿಚಿತ. ಆ ಮಟ್ಟಿಗೆ ನೀವೂ ಅವರೂ ಒಂದೇ ಸಾಲಿನಲ್ಲಿ ನಿಂತಿದ್ದೀರಿ. ಪದ ಮೂರನೆಯ ಸಲ ಬರುವವರೆಗೆ ಕಾಯಿರಿ, ಅಷ್ಟರಲ್ಲಿ ಅರ್ಥ ಹೊಳೆಯದಿದ್ದರೆ ಹುಡುಕಿ. ಲೆ ಗ್ವಿನ್ ಮತ್ತು ಟೋಲ್ಕಿನ್ ಇಬ್ಬರ ಗದ್ಯಕ್ಕೂ ಕಿವಿಯ ಹದವಿದೆ, ಆದ್ದರಿಂದ ಕಷ್ಟವೆನಿಸಿದ ಪುಟವನ್ನು ಗಟ್ಟಿಯಾಗಿ ಓದಿದರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ.

ಬೇಸರ ಬರುವ ಜಾಗಗಳೂ ಇವೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ‘ದ ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ ಎಲ್ರಾಂಡನ ಸಭೆಯ ಅಧ್ಯಾಯ ಬಹಳ ದೀರ್ಘ, ಎಲ್ಲರೂ ಕುಳಿತು ಮಾತಾಡುವುದೇ ಮಾತಾಡುವುದು. ಅದನ್ನು ಬಿಡಬೇಡಿ, ಎರಡು ದಿನಕ್ಕೆ ಹಂಚಿಕೊಂಡು ಓದಿ. ಹಾಡುಗಳನ್ನು ಬೇಕಾದರೆ ಮೊದಲ ಓದಿನಲ್ಲಿ ದಾಟಿಬಿಡಿ. ರಾಬರ್ಟ್ ಜೋರ್ಡನ್ ಅವರ ‘ದ ವೀಲ್ ಆಫ್ ಟೈಮ್’ನ 14 ಸಂಪುಟಗಳ ಉತ್ತರಾರ್ಧದಲ್ಲಿ ಕಥೆ ಕೆಸರಿನಲ್ಲಿ ಹೂತ ಗಾಡಿಯಂತೆ ನಿಲ್ಲುತ್ತದೆಂದು ಅದನ್ನು ಪ್ರಾಣದಂತೆ ಪ್ರೀತಿಸುವವರೇ ದೂರುತ್ತಾರೆ. ಜೋರ್ಡನ್ 2007ರಲ್ಲಿ ತೀರಿಕೊಂಡಾಗ ಸರಣಿ ಮುಗಿದಿರಲಿಲ್ಲ; ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಆಧರಿಸಿ ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟಗಳನ್ನು ಬರೆದು 2013ರಲ್ಲಿ ಪೂರ್ಣಗೊಳಿಸಿದರು. ಮಾರ್ಟಿನ್ ಅವರ ಸರಣಿಗೆ ಅಂಥ ಮುಕ್ತಾಯ ಇನ್ನೂ ಒದಗಿಲ್ಲ: 1996ರಲ್ಲಿ ಆರಂಭವಾದದ್ದು 2011ರ ಐದನೆಯ ಸಂಪುಟಕ್ಕೆ ನಿಂತಿದೆ. ಅಪೂರ್ಣ ಕಥೆ ಹಿಡಿಸದವರು ಅದನ್ನು ಈಗ ಮುಟ್ಟದಿರುವುದೇ ಒಳ್ಳೆಯದು. ಒಂದು ಸರಣಿ ನೂರು ಪುಟ ದಾಟಿದ ಮೇಲೂ, ಅದರ ಒಬ್ಬ ಮನುಷ್ಯನೂ ನಿಮ್ಮ ಚಿಂತೆಗೆ ಕಾರಣನಾಗದಿದ್ದರೆ, ಸಂಕೋಚವಿಲ್ಲದೆ ಕೆಳಗಿಡಿ.

ಅರ್ಥ್‌ಸೀಯನ್ನು ಆರಿಸಿಕೊಂಡವರಿಗೆ ಒಂದು ಸೂಚನೆ ಉಳಿದಿದೆ. ಮೊದಲ ಮೂರು ಪುಸ್ತಕಗಳು 1968, 1971 ಮತ್ತು 1972ರಲ್ಲಿ ಬಂದವು. ನಾಲ್ಕನೆಯದಾದ ‘ತೆಹಾನು’ ಬಂದದ್ದು 1990ರಲ್ಲಿ, 18 ವರ್ಷಗಳ ನಂತರ. ಮೂರನ್ನು ಒಂದೇ ಉಸಿರಿನಲ್ಲಿ ಓದಿ, ಆದರೆ ಅದೇ ವೇಗದಲ್ಲಿ ನಾಲ್ಕನೆಯದಕ್ಕೆ ಕೈಹಾಕಬೇಡಿ. ಕೆಲವು ತಿಂಗಳಾದರೂ ಬಿಡಿ, ಕೆಲವು ವರ್ಷ ಬಿಟ್ಟರೆ ಇನ್ನೂ ಒಳ್ಳೆಯದು. ಎರಡನೆಯ ಪುಸ್ತಕದ ಹದಿಹರೆಯದ ಪೂಜಾರಿಣಿ ಈಗ ನಡುವಯಸ್ಸಿನ ಒಕ್ಕಲಗಿತ್ತಿ, ಗಂಡ ತೀರಿಹೋಗಿದ್ದಾನೆ, ಮಂತ್ರ ತಂತ್ರಗಳ ಗದ್ದಲ ಬಹುಮಟ್ಟಿಗೆ ಅಡಗಿದೆ. ನಾನು ಅದನ್ನು ಇಪ್ಪತ್ತರ ವಯಸ್ಸಿನಲ್ಲಿ ಓದಿ ಸಪ್ಪೆಯೆಂದು ತಳ್ಳಿಹಾಕಿದ್ದೆ. ನಲವತ್ತರ ಹೊತ್ತಿಗೆ ಮತ್ತೆ ಓದಿದಾಗ ಐದಾರು ಕಡೆ ಪುಸ್ತಕ ಮಡಚಿಟ್ಟು ಸುಮ್ಮನೆ ಕುಳಿತೆ. ಅದರಲ್ಲಿ ಗಾಂಟ್ ಬೆಟ್ಟದ ಆಡುಗಳು ಇನ್ನೊಮ್ಮೆ ಬರುತ್ತವೆ. ಈ ಸಲ ಅವುಗಳನ್ನು ಕಾಯಲು ಬೆಟ್ಟ ಹತ್ತುವವನು ಯಾರೆಂಬುದನ್ನು ನಾನು ಹೇಳುವುದಿಲ್ಲ.