ಗುಳೆ ಹೋದವರು ವಾಪಸ್ ಬಂದ ವರ್ಷ: ಕಾಯಕ ಬಂಧುವಾಗಿ ನನ್ನ ಅನುಭವ

2020ರ ಮೇ ಮೊದಲ ವಾರ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದೆ. ಅಲ್ಲಿಯವರೆಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ ಸಿಮೆಂಟ್, ಕಬ್ಬಿಣ, ಆಳುಗಳ ಲೆಕ್ಕ ಬರೆಯುತ್ತಿದ್ದೆ. ಟಿಕೆಟ್‌ಗೆ ದುಡ್ಡು ಕೇಳಲಿಲ್ಲ. ಅದಕ್ಕೆ ಒಂದೆರಡು ದಿನ ಮೊದಲು ಬಸ್ ಚಾರ್ಜ್ ವಿಷಯದಲ್ಲೇ ದೊಡ್ಡ ಗಲಾಟೆ ಆಗಿತ್ತು. ಡಿ.ಕೆ. ಶಿವಕುಮಾರ್ ಒಂದು ಕೋಟಿ ರೂಪಾಯಿಯ ಚೆಕ್ ತೋರಿಸಿದರು, ಯಡಿಯೂರಪ್ಪ ಸರ್ಕಾರ ಪ್ರಯಾಣ ಉಚಿತ ಎಂದಿತು. ಬಸ್ಸಿನೊಳಗೆ ಆ ಚರ್ಚೆ ಇರಲಿಲ್ಲ. ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎನ್ನುವುದೊಂದೇ ಚರ್ಚೆ.

ನಮ್ಮದು ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಹಳ್ಳಿ. ಸುಗ್ಗಿ ಮುಗಿಸಿ ಗುಳೆ ಹೋಗುವುದು, ಜೂನ್‌ನ ಮಿರಗದ ಮಳೆಗೆ ವಾಪಸ್ ಬರುವುದು ನಮ್ಮಲ್ಲಿ ಹಳೆಯ ರೂಢಿ. ಆ ವರ್ಷ ಮಾತ್ರ ಎಲ್ಲರೂ ಒಟ್ಟಿಗೆ, ಅದೂ ಬರಿಗೈಯಲ್ಲಿ ಬಂದರು. ಶಾಲೆಯಲ್ಲಿ ಕ್ವಾರಂಟೈನ್ ಮುಗಿಸಿದವರು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ದೂರ ದೂರ ಕೂರುತ್ತಿದ್ದರು. ಮಾಡಲು ಕೆಲಸವಿರಲಿಲ್ಲ, ವಾದ ಮಾತ್ರ ಬೇಕಾದಷ್ಟಿತ್ತು.

ಮೇ 17ರಂದು ನಿರ್ಮಲಾ ಸೀತಾರಾಮನ್ ನರೇಗಾಕ್ಕೆ, ಅಂದರೆ ಹಳ್ಳಿಯವರಿಗೆ ಕೂಲಿ ಕೆಲಸ ಕೊಡುವ ಉದ್ಯೋಗ ಖಾತರಿ ಯೋಜನೆಗೆ, ಇನ್ನೂ 40,000 ಕೋಟಿ ರೂಪಾಯಿ ಕೊಡುತ್ತೇವೆ ಎಂದರು. ಬಜೆಟ್‌ನಲ್ಲಿ ಇಟ್ಟಿದ್ದು 61,500 ಕೋಟಿ. ಮರುದಿನ ಕಟ್ಟೆಯ ಮೇಲೆ ಜಾತ್ರೆ. ಒಂದು ಪಕ್ಷದ ಯಜಮಾನರು, "ನಮ್ಮ ಯೋಜನೇನೇ ಕೊನೀಗೆ ಕೈ ಹಿಡೀತಲ್ಲ?" ಎಂದರು. ಮೋದಿಯವರು 2015ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ಇದೇ ಯೋಜನೆಯನ್ನು ಕಾಂಗ್ರೆಸ್‌ನ ಸೋಲಿನ ಸ್ಮಾರಕ ಎಂದು ಹಂಗಿಸಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಇನ್ನೊಂದು ಪಕ್ಷದ ಯಜಮಾನರೂ ಸುಮ್ಮನಿರಲಿಲ್ಲ. "ನಿಮ್ಮ ಕಾಲದಾಗ ದುಡ್ಡು ಯಾರ ಜೇಬಿಗೆ ಹೋಗ್ತಿತ್ತು? ಈಗ ಸೀದಾ ಬ್ಯಾಂಕಿಗೆ ಬೀಳ್ತದ." ಎರಡೂ ಮಾತಿನಲ್ಲಿ ಸ್ವಲ್ಪ ಸ್ವಲ್ಪ ನಿಜ ಇತ್ತು. ಆದರೆ ಕಟ್ಟೆಯ ಮೇಲಿದ್ದ ನಲವತ್ತು ಜನರಲ್ಲಿ ಒಬ್ಬರೂ ಕೆಲಸಕ್ಕೆ ಅರ್ಜಿ ಹಾಕಿರಲಿಲ್ಲ.

ನಾನು ಈ ಕೆಲಸಕ್ಕೆ ಇಳಿದದ್ದು ಅಲ್ಲಿಂದ. ಲೆಕ್ಕ ಬರೆಯಲು ಬರುತ್ತದೆ ಎನ್ನುವ ಒಂದೇ ಕಾರಣಕ್ಕೆ ಜನ ನನ್ನನ್ನು ಕಾಯಕ ಬಂಧು ಮಾಡಿದರು. ಕೂಲಿಕಾರರ ಗುಂಪಿನ ಮುಂದಾಳುವಿಗೆ ನಮ್ಮ ರಾಜ್ಯದಲ್ಲಿರುವ ಹೆಸರು ಅದು.

ಮೊದಲ ಪಾಠ ನಮೂನೆ 6ರಿಂದ. ಉದ್ಯೋಗ ಖಾತರಿಯಲ್ಲಿ ಕೆಲಸ ಕೇಳುವ ಅರ್ಜಿ ಇದು. ಬಾಯಲ್ಲಿ ಕೇಳಿದರೆ ದಾಖಲೆ ಉಳಿಯುವುದಿಲ್ಲ. ನಾವು ಮೂವತ್ತೆಂಟು ಜನ ಅರ್ಜಿ ತುಂಬಿಕೊಂಡು ಪಂಚಾಯಿತಿಗೆ ಹೋದೆವು. "ಇಟ್ಟು ಹೋಗ್ರಿ, ಕೆಲಸ ಬಂದ್ರ ಹೇಳ್ತೀವಿ" ಎಂದರು. ಇಟ್ಟು ಬಂದೆವು. ಹತ್ತು ದಿನ ಕಳೆದರೂ ಸದ್ದಿಲ್ಲ. ಮತ್ತೆ ಹೋದರೆ, ಅರ್ಜಿ ಎಲ್ಲಿ ಕೊಟ್ಟಿದ್ದೀರಿ ಎಂದು ನಮ್ಮನ್ನೇ ಕೇಳಿದರು! ನನ್ನದೇ ತಪ್ಪು. ಸಿಮೆಂಟ್ ಲೋಡಿಗೆ ಸಹಿ ಇಲ್ಲದೆ ಒಂದು ಚೀಲ ಇಳಿಸಿಕೊಳ್ಳದ ನಾನು, ಮೂವತ್ತೆಂಟು ಅರ್ಜಿಯನ್ನು ರಸೀದಿ ಇಲ್ಲದೆ ಕೊಟ್ಟು ಬಂದಿದ್ದೆ.

ಎರಡನೇ ಸಲ ತಾರೀಖು ಹಾಕಿದ ಸ್ವೀಕೃತಿ ಚೀಟಿ ಕೊಡುವವರೆಗೆ ನಾವು ಬೇವಿನ ಮರದ ಕೆಳಗೆ ಕೂತೆವು. ಘೋಷಣೆ ಕೂಗಲಿಲ್ಲ, ಬುತ್ತಿ ಬಿಚ್ಚಿ ಉಂಡೆವು. ಮಧ್ಯಾಹ್ನ ಚೀಟಿ ಬಂತು. ಆ ತಾರೀಖಿನಿಂದ 15 ದಿನದೊಳಗೆ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ. ಕಾನೂನಿನ ಜೀವ ಇರುವುದು ಆ ಚೀಟಿಯಲ್ಲೇ. ಚೀಟಿ ಇಲ್ಲದಿದ್ದರೆ ಕೆಲಸ ಯಾರೂ ಕೇಳಲೇ ಇಲ್ಲ ಎಂದು ಲೆಕ್ಕ. ಜನರಿಗೆ ಕೆಲಸ ಬೇಕಾಗಿಲ್ಲ ಎಂದು ಯಾವ ಪಕ್ಷದವರು ಬೇಕಾದರೂ ಆರಾಮಾಗಿ ಭಾಷಣ ಮಾಡಬಹುದು.

ಒಂಬತ್ತನೇ ದಿನಕ್ಕೆ ಎನ್‌ಎಂಆರ್ ಬಂತು. ಯಾರು ಯಾವ ದಿನ ಕೆಲಸಕ್ಕೆ ಬರಬೇಕು ಎಂದು ಹೆಸರು ಅಚ್ಚಾದ ಹಾಜರಿ ಪಟ್ಟಿ ಅದು.

ಆಮೇಲೆ ಜಾಬ್ ಕಾರ್ಡ್ ತಕರಾರು. ಆಗ ವರ್ಷಕ್ಕೆ 100 ದಿನ ಕೆಲಸ ಕೊಡುತ್ತಿದ್ದದ್ದು ಒಂದು ಕುಟುಂಬಕ್ಕೆ, ಒಬ್ಬರಿಗೆ ಅಲ್ಲ. ನಮ್ಮಲ್ಲಿ ಎಷ್ಟೋ ಮನೆಯವರು ಅಪ್ಪನ ಹೆಸರಿನ ಹಳೆಯ ಕಾರ್ಡನ್ನೇ ಇಟ್ಟುಕೊಂಡಿದ್ದರು. ಅಣ್ಣತಮ್ಮಂದಿರು ಬೇರೆಯಾಗಿ, ಒಲೆ ಮೂರಾಗಿ ಎಷ್ಟೋ ವರ್ಷ ಆಗಿತ್ತು. ಕಾರ್ಡು ಮಾತ್ರ ಒಂದೇ. ಮೂವರು ಗಂಡಂದಿರು, ಮೂವರು ಹೆಂಡಂದಿರು ದುಡಿದರೆ ಆ 100 ದಿನ ಹದಿನೇಳನೇ ದಿನಕ್ಕೆ ಖಲಾಸ್! ಬೆಂಗಳೂರಿನಲ್ಲಿ ದುಡಿಯುವಾಗ ಯಾರಿಗೂ ಇದರ ನೆನಪೇ ಇರಲಿಲ್ಲ. ಹೊಸ ಕಾರ್ಡ್ ಮಾಡಿಸಲು ಆಧಾರ್, ಫೋಟೋ, ಪಾಸ್‌ಬುಕ್ ಹಿಡಿದು ಎರಡು ವಾರ ಓಡಾಡಿದೆ. ಫೋಟೋ ಸ್ಟುಡಿಯೋ ಬಂದ್. ನನ್ನ ಮೊಬೈಲ್‌ನಲ್ಲೇ, ಗುಡಿಯ ಬಿಳಿ ಗೋಡೆಗೆ ನಿಲ್ಲಿಸಿ ಫೋಟೋ ತೆಗೆದೆ.

ಕೆಲಸ ಏನು? ಹೊಲದ ಬದು ಹಾಕುವುದು, ಅಂದರೆ ಗುಂಡಿ ತೋಡಿ ಆ ಮಣ್ಣಿನಿಂದ ಮಳೆ ನೀರು ತಡೆಯುವ ಏರಿ ಕಟ್ಟುವುದು. ಕೆರೆಯ ಹೂಳಿಗೆ ನೂರಾರು ಜನ ಒಂದೇ ಕಡೆ ಸೇರಬೇಕಾಗುತ್ತದೆ. ಬದು ಆದರೆ ಮನೆಯವರಷ್ಟೇ ದೂರ ದೂರ ನಿಂತು ಮಾಡಬಹುದು. ಕೊರೊನಾ ಕಾಲಕ್ಕೆ ಹೊಂದುವ ಕೆಲಸ. ಬೆಳಿಗ್ಗೆ ಆರಕ್ಕೆ ಶುರು, ಬಿಸಿಲು ಏರುವುದರೊಳಗೆ ಮುಗಿಸಬೇಕು. ಮಳೆ ಕಾಣದ ಎರೆ ಮಣ್ಣು ಕಲ್ಲಿನಂತೆ. ಗುದ್ದಲಿ ಹಾಕಿದರೆ ಕೈಗೇ ಪೆಟ್ಟು. ಕಂಪ್ಯೂಟರ್ ಮುಂದೆ ಕೂತು ಬಂದ ಡಿಗ್ರಿ ಹುಡುಗರು ಎರಡನೇ ದಿನ ಅಂಗೈ ಬೊಬ್ಬೆ ತೋರಿಸಿದರು. ಹೆಣ್ಣುಮಕ್ಕಳು ನಕ್ಕರು.

ಕೂಲಿ ಆ ವರ್ಷ 249ರಿಂದ 275 ರೂಪಾಯಿಗೆ ಏರಿತ್ತು. ಗುದ್ದಲಿ ಹರಿತ ಮಾಡಿಸಲು ಮೇಲೆ 10 ರೂಪಾಯಿ. ಆದರೆ ಬಂದು ನಿಂತರೆ 275 ಸಿಗುತ್ತಿರಲಿಲ್ಲ, ತೋಡಿದ ಮಣ್ಣಿನ ಅಳತೆ ಆಗಬೇಕಿತ್ತು. ಗುಂಡಿ ತೋಡುವಾಗ ನಡುವೆ ಅಲ್ಲಲ್ಲಿ ಮಣ್ಣಿನ ಒಂದು ದಿಬ್ಬವನ್ನು ಮುಟ್ಟದೆ ಬಿಡಿಸುತ್ತಿದ್ದೆ, ಎಷ್ಟು ಆಳ ತೆಗೆದಿದ್ದೇವೆ ಎಂದು ಇಂಜಿನಿಯರ್ ಕಣ್ಣಿಗೆ ಕಾಣಲಿ ಎಂದು. ಟೇಪ್ ಹಿಡಿದು ಪ್ರತಿ ಜೋಡಿಯ ಅಳತೆಯನ್ನು ಅವತ್ತೇ ಬರೆದುಕೊಂಡೆ. ಒಂದು ವಾರ ಸೋಮಾರಿತನ ಮಾಡಿ ಬರೆಯಲಿಲ್ಲ. ಆ ವಾರ ತಲೆಗೆ 210ರ ಲೆಕ್ಕದಲ್ಲಿ ಬಂತು. ಬೈಸಿಕೊಂಡೆ.

ಸುಮ್ನೆ ಗುಂಡಿ ತೋಡಿ ಗುಂಡಿ ಮುಚ್ಚುವ ಯೋಜನೆ ಎಂದು ಟಿವಿಯಲ್ಲಿ ಹೇಳುವುದನ್ನು ಕೇಳಿದ್ದೇನೆ. ಅಂಥದ್ದೂ ಇದೆ. ರಾತ್ರಿ ಜೆಸಿಬಿ ಬಿಟ್ಟು, ಬೆಳಿಗ್ಗೆ ಮನೆಯಲ್ಲಿ ಕೂತವರ ಹೆಸರಿಗೆ ಹಾಜರಿ ಹಾಕಿ, ಬಂದ ಕೂಲಿಯಲ್ಲಿ ಪಾಲು ಹಂಚಿಕೊಂಡ ಕಥೆಗಳು ನಮ್ಮ ಸುತ್ತಲೂ ಇವೆ. ಕಾನೂನಿನಲ್ಲಿ ಯಂತ್ರಕ್ಕೂ ಗುತ್ತಿಗೆದಾರನಿಗೂ ಜಾಗ ಇಲ್ಲ. ನನ್ನ ಹತ್ತಿರವೂ ಒಬ್ಬರು ಬಂದಿದ್ದರು. "ನಿನ್ನ ಜನ ಮನ್ಯಾಗ ಇರ್ಲಿ, ಅರ್ಧ ಅವರಿಗೆ, ಅರ್ಧ ನಮಗ" ಎಂದರು. ಬೇಡ ಎಂದೆ. ನಾನು ದೊಡ್ಡ ಪ್ರಾಮಾಣಿಕ ಎಂದಲ್ಲ. ಗುಂಪಿನ ಹೆಂಗಸರಿಗೆ ತಿಳಿದರೆ ಊರಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ. ಜುಲೈಯಲ್ಲಿ ಒಂದು ಜೋರು ಮಳೆ ಬಂದಾಗ ನಾವು ಹಾಕಿದ ಬದುಗಳ ಹಿಂದೆ ನೀರು ನಿಂತಿತ್ತು. ಎರಡು ಕಡೆ ಒಡೆದಿತ್ತು ಕೂಡ.

ಜಗಳ ನಿಜವಾಗಿ ಹತ್ತಿದ್ದು ಜೂನ್‌ನಲ್ಲಿ, ಹತ್ತಿ ಬಿತ್ತನೆಗೆ. ಅದು ದಿಲ್ಲಿಯ ಜಗಳವೂ ಅಲ್ಲ, ಬೆಂಗಳೂರಿನದೂ ಅಲ್ಲ. ನಮ್ಮೂರ ಹೊಲದಲ್ಲಿ ಹೆಂಗಸರಿಗೆ ಆಗ ದಿನಕ್ಕೆ 180 ರೂಪಾಯಿ, ಗಂಡಸರಿಗೆ 300. ಉದ್ಯೋಗ ಖಾತರಿಯಲ್ಲಿ ಇಬ್ಬರಿಗೂ ಒಂದೇ 275. ಯಾರು ಹೊಲಕ್ಕೆ ಬರುತ್ತಾರೆ ಹೇಳಿ? ಕಟ್ಟೆಯ ಮೇಲೆ ಒಬ್ಬರಿಗೊಬ್ಬರು ಮುಖ ತಿರುಗಿಸುತ್ತಿದ್ದ ಆ ಇಬ್ಬರು ಯಜಮಾನರು ಒಂದೇ ಬೈಕಿನಲ್ಲಿ ನನ್ನ ಮನೆಗೆ ಬಂದರು. "ಬಿತ್ತನಿ ಮುಗಿಯೋತನ ನಿನ್ನ ಕೆಲಸ ನಿಲ್ಸು" ಎಂದರು. ಒಬ್ಬರು ದೇಶದ ಆರ್ಥಿಕತೆ ಬಗ್ಗೆಯೂ ಹೇಳಿದರು.

ಅವರ ಕಷ್ಟ ಸುಳ್ಳಲ್ಲ. ಬೀಜ, ಗೊಬ್ಬರದ ಸಾಲ ಅವರ ತಲೆಯ ಮೇಲೂ ಇತ್ತು. ಆದರೆ ಈ ಮಾತನ್ನು ಮೇ ತಿಂಗಳ ಭಾಷಣದಲ್ಲಿ ಇಬ್ಬರೂ ಎತ್ತಿರಲಿಲ್ಲ, ಅಲ್ವಾ? ನಾನು ಗುಂಪನ್ನೇ ಕೇಳಿದೆ. ಹೆಂಗಸರು ಕೂತು ಮಾತಾಡಿ ಒಂದು ದರ ಹೇಳಿದರು: 250 ಕೊಟ್ಟರೆ ಬಿತ್ತನೆಗೆ ಬರುತ್ತೇವೆ, ಇಲ್ಲದಿದ್ದರೆ ಬದು. ನಾಲ್ಕು ದಿನ ಯಾರೂ ಮಣಿಯಲಿಲ್ಲ. ಐದನೇ ದಿನ ಮೋಡ ಕಟ್ಟಿತು. 240ಕ್ಕೆ ಒಪ್ಪಂದ ಆಯಿತು. ಆ ಹದಿನೈದು ದಿನ ನಾವು ಅರ್ಜಿ ಹಾಕಲಿಲ್ಲ.

ಆಗಸ್ಟ್ ಕೊನೆಯಲ್ಲಿ ಏಪ್ರಿಲ್‌-ಜೂನ್ ಲೆಕ್ಕ ಬಂತು. ದೇಶದ ಜಿಡಿಪಿ ಹಿಂದಿನ ವರ್ಷಕ್ಕಿಂತ ಶೇ 23.9 ಕುಸಿದಿತ್ತು. ಬೆಳೆದದ್ದು ಕೃಷಿ ಮಾತ್ರ, ಶೇ 3.4. ಹಳ್ಳಿ ಗಟ್ಟಿಯಾಗಿದೆ ಎಂದು ಒಂದು ಪಕ್ಷ ಎಂದಿತು, ಹಳ್ಳಿಗೆ ಬಂದು ಬಿದ್ದವರನ್ನು ಎಣಿಸಿ ಎಂದು ಇನ್ನೊಂದು. ಆ ಹಣಕಾಸು ವರ್ಷ ದೇಶದಲ್ಲಿ ನರೇಗಾದ 389 ಕೋಟಿ ಮಾನವ ದಿನ (ಒಬ್ಬರು ಒಂದು ದಿನ ದುಡಿದರೆ ಒಂದು) ಕೆಲಸ ಆಯಿತು, ಹಿಂದಿನ ವರ್ಷ 265 ಕೋಟಿ. ಅದರಲ್ಲಿ ನಮ್ಮ ಗುಂಪಿನದು ಎರಡು ಸಾವಿರ ಚಿಲ್ಲರೆ. ನನ್ನ ನೋಟ್‌ಬುಕ್ಕಿನಲ್ಲಿ ಇದೆ.

ದುಡ್ಡು ಬಂದ ಕಥೆ ಚಿಕ್ಕದು: ಬಹಳ ಜನರಿಗೆ ಬಂತು, ಐದು ಜನರಿಗೆ ಖಾತೆಯ ಹೆಸರು ಮತ್ತು ಆಧಾರ್ ಹೆಸರು ತಾಳೆಯಾಗದೆ ತಿರುಗಿ ಹೋಯಿತು. ಒಬ್ಬ ಅಜ್ಜಿಯದು ಬರಲು ಏಳು ತಿಂಗಳು.

ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ, ಆದರೆ ಯಾರು ಯಾವ ಪಕ್ಷ ಎಂದು ಊರಿನ ನಾಯಿಗೂ ಗೊತ್ತು. ಎಲ್ಲ ಅಭ್ಯರ್ಥಿಗಳ ಕರಪತ್ರದಲ್ಲೂ ನಾವು ಹಾಕಿದ ಬದು ಇತ್ತು. ಹಾಕಿಸಿದ್ದು ತಾವೇ ಎಂದು ಎಲ್ಲರೂ ಬರೆದುಕೊಂಡಿದ್ದರು. ಅಷ್ಟರಲ್ಲಿ ಅರ್ಧ ಗುಂಪು ಮತ್ತೆ ಬೆಂಗಳೂರಿನ ಬಸ್ ಹತ್ತಿತ್ತು. ಅಲ್ಲಿ ದಿನಕ್ಕೆ 600 ಸಿಗುವಾಗ 275ಕ್ಕೆ ಯಾರು ಕೂರುತ್ತಾರೆ? ಅದು ಯೋಜನೆಯ ಸೋಲು ಎಂದು ನನಗೆ ಅನಿಸಲಿಲ್ಲ. ಬೇರೆ ದಾರಿ ಇಲ್ಲದ ಆರು ತಿಂಗಳಿಗೆ ಅದು ಒಲೆ ಹಚ್ಚಿತ್ತು.

ನಾನು ವಾಪಸ್ ಹೋಗಲಿಲ್ಲ. ಈಗಲೂ ಗುಂಪು ನಡೆಸುತ್ತೇನೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹಳೆಯ ನರೇಗಾ ಕಾನೂನಿನ ಜಾಗಕ್ಕೆ ಹೊಸದು ತಂದಿತು. 100 ದಿನ 125 ಆಯಿತು. ಖರ್ಚಿನಲ್ಲಿ ನಮ್ಮಂಥ ರಾಜ್ಯದ ಪಾಲು ಶೇ 40. ಹೆಸರು ಬದಲಾದದ್ದಕ್ಕೆ ಒಂದು ಕಡೆ ಗಲಾಟೆ, ದುಡ್ಡಿನ ಹೊರೆಗೆ ಇನ್ನೊಂದು ಕಡೆ ಗಲಾಟೆ. ನಾನು ಗುಂಪಿಗೆ ಓದಿ ಹೇಳಿದ್ದು ಬೇರೆ ಸಾಲು: ಬಿತ್ತನೆ ಮತ್ತು ಸುಗ್ಗಿಯ ಹೊತ್ತಿನಲ್ಲಿ ವರ್ಷಕ್ಕೆ ಒಟ್ಟು 60 ದಿನ ಕೆಲಸ ನಿಲ್ಲಿಸಬಹುದು, ಯಾವ ದಿನಗಳು ಎಂದು ರಾಜ್ಯ ಸರ್ಕಾರ ಮೊದಲೇ ಹೇಳಬೇಕು.

2020ರಲ್ಲಿ 250 ಕೇಳಿದ ಹೆಂಗಸರಲ್ಲಿ ಒಬ್ಬಾಕೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡಳು. "ಆ ಅರವತ್ತು ದಿನ ಹೊಲದ ಕೂಲಿ ಎಷ್ಟು ಅಂತ ಅದರಾಗ ಬರ್ದಾರೇನು?" ಎಂದಳು. ಇಲ್ಲ ಎಂದೆ. "ಹಂಗಾದ್ರ ಕಟ್ಟಿ ಮ್ಯಾಲಿನ ಆ ಇಬ್ಬರನ್ನೂ ಕರಿ, ಈಗ್ಲೇ ಮಾತಾಡಿ ಬಿಡೂಣು" ಎಂದಳು.